ಗೊರಬೆಯಿಂದ ಪೊಂಚೋವರೆಗೆ: ಮಳೆಯಲ್ಲಿ ಸೈಕಲ್ ತುಳಿಯುವ ಮಕ್ಕಳು

ಕೇರಳ ಕರಾವಳಿಗೆ ನೈಋತ್ಯ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಬೇಸಗೆ ರಜೆ ಮುಗಿದು ಶಾಲೆಗಳಲ್ಲಿ ಪ್ರವೇಶೋತ್ಸವ ನಡೆಯುವುದೂ ಅದೇ ಆಸುಪಾಸಿನಲ್ಲಿ. ಹೊಸ ಸಮವಸ್ತ್ರ, ಹೊಸ ಚೀಲ, ಬೈಂಡು ಹಾಕಿದ ಹೊಸ ಪುಸ್ತಕಗಳು ಮೊದಲ ವಾರಗಳಲ್ಲೇ ಮೃಗಶಿರಾ ಮಳೆಗೆ ಮೈಯೊಡ್ಡಬೇಕಾಗುತ್ತದೆ. ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಮಳೆನಕ್ಷತ್ರಗಳು ಒಂದರ ಬೆನ್ನಿಗೊಂದು ಸುರಿದು ಓಣಂ ರಜೆ ಹತ್ತಿರವಾಗುವ ತನಕ ಕಾಸರಗೋಡಿನ ಮಗುವಿಗೆ ಒಣಗಿದ ದಾರಿ ಕಾಣಸಿಗುವುದು ಅಪರೂಪ. ವರ್ಷವೊಂದಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಇಳಿಯುತ್ತದೆ.

ಈ ಮಳೆ ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತದೆ. ಆದರೆ ಎಲ್ಲ ಮಕ್ಕಳೂ ಅದರಲ್ಲಿ ಒಂದೇ ದೂರ ಸಾಗುವುದಿಲ್ಲ. ಮನೆಯ ಪಕ್ಕದ ಶಾಲೆ ಮಲಯಾಳ ಮಾಧ್ಯಮದ್ದಾಗಿದ್ದು, ಕನ್ನಡ ತರಗತಿ ಇರುವ ಶಾಲೆ ಎರಡು ಗುಡ್ಡದಾಚೆ ಇರುವ ಕುಟುಂಬಗಳು ಬದಿಯಡ್ಕ, ಕುಂಬಳೆ, ಮುಳ್ಳೇರಿಯ, ಪೆರ್ಲದ ಕಡೆಗಳಲ್ಲಿ ಹೊಸತಲ್ಲ. ಕಡ್ಡಾಯ ಶಿಕ್ಷಣ ಕಾಯಿದೆಯಡಿ ಕೇಂದ್ರವು 2010ರಲ್ಲಿ ರೂಪಿಸಿದ ಮಾದರಿ ನಿಯಮಗಳು ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ನಡಿಗೆಯ ದೂರದಲ್ಲಿ ನೆರೆಹೊರೆಯ ಶಾಲೆ ಇರಬೇಕೆನ್ನುತ್ತವೆ. 2009ರ ಮೂಲ ಕಾಯಿದೆಯ 29ನೆಯ ಕಲಮು ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನ ಮಾಧ್ಯಮವಾಗಬೇಕೆನ್ನುತ್ತದೆ. ಇವೆರಡನ್ನೂ ಜೊತೆಯಲ್ಲಿಟ್ಟು ಓದಿದರೆ ಮಾತೃಭಾಷೆಯ ಶಾಲೆಯೇ ಆ ಮಗುವಿನ ನೆರೆಹೊರೆಯ ಶಾಲೆಯಾಗಬೇಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಏಳಬೇಕಾದ ಪ್ರಶ್ನೆಯೇ ಅದು. ಆದರೆ ಅದಕ್ಕೆ ಉತ್ತರ ದೊರೆಯುವ ತನಕ ಮಗು ಮನೆಯಲ್ಲಿ ಕುಳಿತಿರಲಾರದು. ಒಂಬತ್ತು, ಹತ್ತನೆಯ ತರಗತಿಗಳಿಗಂತೂ ಆ ದೂರದ ಮಿತಿಯ ರಕ್ಷಣೆಯೂ ಇಲ್ಲ.

ಬಸ್ಸು ಎಲ್ಲೆಡೆಗೂ ಇಲ್ಲ. ಇರುವೆಡೆಯಲ್ಲೂ ವಿದ್ಯಾರ್ಥಿ ರಿಯಾಯಿತಿಯ ಮಕ್ಕಳನ್ನು ಕಂಡರೆ ಬಸ್ಸು ಹೇಗೆ ಮುಂದೆ ಸರಿದು ನಿಲ್ಲುತ್ತದೆ ಎಂಬುದನ್ನು ಯಾವ ತಾಯಿತಂದೆಗೂ ಹೇಳಿಕೊಡಬೇಕಾಗಿಲ್ಲ. ಹೀಗಾಗಿ ಉಪ್ಪಳ, ಮೊಗ್ರಾಲ್, ಕುಂಬಳೆಯಂತಹ ಸಮತಟ್ಟಾದ ಕರಾವಳಿಯ ಪಟ್ಟಿಯಲ್ಲಿ ಸೈಕಲ್ಲು ಇಂದಿಗೂ ನಂಬಿಕೆಯ ವಾಹನ. ಒಳನಾಡಿನ ಮುರಕಲ್ಲಿನ ಗುಡ್ಡಗಳಲ್ಲಿ ಏರು ಬಂದಾಗ ದೂಡಿಕೊಂಡು, ಇಳಿಜಾರಿನಲ್ಲಿ ಏರಿ ಕುಳಿತು, ಅರ್ಧ ದಾರಿಯ ಸಂಗಾತಿ. ಗಡಿಯಾಚೆ ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವೇ ಸೈಕಲ್ಲು ಹಂಚಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಪ್ರೌಢಶಾಲೆಗೆ ಹೊರಟ ನೋಟವನ್ನು ಈಚೆಯವರೂ ನೋಡಿದ್ದಾರೆ. ಆದರೆ ಸೈಕಲ್ಲಿನ ಜೊತೆಗೆ ಮಳೆಗೇನು ಎಂದು ಅಲ್ಲಿಯೂ ಕೇಳಿದವರು ಕಡಿಮೆ, ಇಲ್ಲಿಯೂ ಕಡಿಮೆ. ಅಡಿಕೆಗೊನೆಗೆ ಕೊಳೆರೋಗ ಬಾರದಿರಲೆಂದು ಮಳೆಗೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸುವ, ರಬ್ಬರು ಮರದ ಕೊರೆತದ ಮೇಲೆ ಪ್ಲಾಸ್ಟಿಕ್ಕಿನ ಲಂಗ ಕಟ್ಟುವ ಮನೆಗಳಲ್ಲಿಯೂ ಮಗುವಿನ ಮಳೆಯುಡುಪಿನ ಯೋಚನೆ ಬರುವುದು ಮೊದಲ ಮಳೆ ನೆನೆಸಿದ ಮೇಲೆಯೇ.

ಸಾಮಾನ್ಯವಾಗಿ ಕೈಗೆ ಮೊದಲು ಸಿಗುವುದು ಕೊಡೆ. ಕೇರಳದಲ್ಲಿ ಕೊಡೆಯ ವ್ಯಾಪಾರವೆಂದರೆ ಸಣ್ಣ ಮಾತಲ್ಲ. ಆಲಪ್ಪುಳದ ಕೊಡೆಗಳ ಜಾಹೀರಾತು ಬಂತೆಂದರೆ ಶಾಲೆ ತೆರೆಯಿತೆಂದೇ ಅರ್ಥ. ನಡೆದು ಹೋಗುವವರಿಗೆ ಅದಕ್ಕಿಂತ ಉತ್ತಮ ಸಾಧನ ಇನ್ನೊಂದಿಲ್ಲ. ಸೈಕಲ್ಲಿನ ಮೇಲೆ ಮಾತ್ರ ಅದು ಅಪಾಯದ ವಸ್ತು. ಇದರ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ "ಬಿದ್ದುಬಿಡುತ್ತೀ" ಎಂಬ ಗದರಿಕೆಯಿಂದ ಹದಿಮೂರರ ಹುಡುಗನಾಗಲಿ ಹುಡುಗಿಯಾಗಲಿ ಕೊಡೆ ಮಡಚಿದ್ದು ಎಲ್ಲಿಯೂ ಇಲ್ಲ.

ನಮ್ಮಲ್ಲಿ ಸಿಗುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ. ಮಗು ಎಡಗೈಯಲ್ಲಿ ಕೊಡೆ ಹಿಡಿದು ಬಲಗೈಯಲ್ಲಿ ಹ್ಯಾಂಡಲು ನಡೆಸುತ್ತದೆ. ಎಂದರೆ ಹಿಂದಿನ ಬ್ರೇಕು ಕೈಬಿಟ್ಟಿತು. ಉಳಿದದ್ದು ಮುಂದಿನದು ಮಾತ್ರ. ನಾಯಿಯೋ ಆಟೋರಿಕ್ಷಾವೋ ಅಡ್ಡ ಬಂದಾಗ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಒಂದನ್ನೇ ಗಟ್ಟಿಯಾಗಿ ಹಿಡಿದರೆ ಅದು ಜಾರುತ್ತದೆ, ಒಂದೇ ಕೈಯ ಹಿಡಿತದಲ್ಲಿರುವ ಹ್ಯಾಂಡಲು ತಿರುಚಿಕೊಳ್ಳುತ್ತದೆ, ಸವಾರ ಕೊಡೆಯ ಸಮೇತ ನೆಲಕ್ಕೆ. ಸಾಲದ್ದಕ್ಕೆ ಎದುರುಗಾಳಿಗೆ ಬಾಗಿಸಿ ಹಿಡಿದ ಕೊಡೆ ಕಣ್ಣೆದುರಿನ ದಾರಿಯನ್ನೇ ಮುಚ್ಚಿರುತ್ತದೆ. ಜಪಾನಿನಲ್ಲಿ ಮನೆಮನೆಗೂ ಸೈಕಲ್ಲು ಇದೆ, ಮಳೆಯೂ ಧಾರಾಳ; ಅಲ್ಲಿನ ಪ್ರಾಂತಗಳ ಸಂಚಾರ ನಿಯಮಗಳು ಕೊಡೆ ಹಿಡಿದು ಸೈಕಲ್ಲು ಓಡಿಸುವುದನ್ನು ನಿಷೇಧಿಸಿವೆ. ಸೈಕಲ್ಲನ್ನು ಚೆನ್ನಾಗಿ ಬಲ್ಲ ಸಮಾಜವೊಂದು ಕೊಟ್ಟ ತೀರ್ಪು ಅದು.

ಎರಡನೆಯ ಉಪಾಯ ಮೈಗೆ ಅಂಟುವ ಕೋಟು ಮತ್ತು ಪ್ಯಾಂಟಿನ ರೈನ್‌ಕೋಟು. ಬೈಕಿನ ಸವಾರನಿಗೆ ಅದು ಸರಿ. ಅವನು ಕುಳಿತಿರುತ್ತಾನೆ, ದುಡಿಯುವುದು ಎಂಜಿನು. ಸೈಕಲ್ಲಿನಲ್ಲಿ ಎಂಜಿನು ಮಗುವೇ. ಮುಂಗಾರಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಸೆಕೆಯೂ ಪೂರ್ತಿ ಇಳಿದಿರುವುದಿಲ್ಲ. ಅಂತಹ ಹವೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಅರ್ಧ ಗಂಟೆ ಕಾಲು ತುಳಿದರೆ ಬೆವರು ಹೊರಹೋಗಲು ದಾರಿಯಿಲ್ಲದೆ ಅಂಗಿಗೇ ಇಳಿಯುತ್ತದೆ. ಹೊರಗಿನ ಮಳೆ ತಾಗದಿದ್ದರೂ ಮಗು ಒದ್ದೆಯಾಗಿಯೇ ತರಗತಿಗೆ ಬರುತ್ತದೆ. ಅದರ ಮೇಲೆ ಪ್ಯಾಂಟನ್ನು ಹಾಕಲು, ಕಳಚಲು ಬೇಕಾಗುವ ಹೊತ್ತು. ಚೂಡಿದಾರ ತೊಟ್ಟ ಹುಡುಗಿಯರಿಗೆ ಶಾಲೆಯ ಜಗಲಿಯಲ್ಲಿ ಆಗುವ ಮುಜುಗರ. ಹೀಗೆ ಎರಡೇ ವಾರದಲ್ಲಿ ಆ ಪ್ಯಾಂಟು ಅಟ್ಟ ಸೇರುತ್ತದೆ.

ಮೂರನೆಯದೇ ಇಲ್ಲಿ ಹೇಳಬೇಕಾದದ್ದು. ತೋಳಿಲ್ಲದ, ಕತ್ತಿನಿಂದ ಸುತ್ತಲೂ ಇಳಿಬಿದ್ದು ಕೆಳಗೆ ತೆರೆದಿರುವ ಮಳೆಹೊದಿಕೆ. ಇಂಗ್ಲಿಷರು ಇದನ್ನು ಕೇಪ್ ಎಂದರು. ನಮ್ಮ ಪೇಟೆಯ ಅಂಗಡಿಗಳಲ್ಲಿ ಪೊಂಚೋ ಎಂದು ಕೇಳಿದರೆ ಅಂಥದೊಂದನ್ನು ತೆಗೆದು ತೋರಿಸುತ್ತಾರೆ. ಹೆಸರು ದಕ್ಷಿಣ ಅಮೆರಿಕದಿಂದ ಬಂದದ್ದು. ಅಲ್ಲಿನ ಬೆಟ್ಟದ ಜನ ಕಂಬಳಿಯ ನಡುವೆ ತಲೆ ತೂರುವಷ್ಟು ಸೀಳು ಬಿಟ್ಟು ಹೊದೆಯುತ್ತಿದ್ದರು. ಹೆಸರು ಪರದೇಶದ್ದಾದರೂ ಇದರ ಹಿಂದಿನ ಬುದ್ಧಿ ಈ ಮಣ್ಣಿಗೆ ಪರಕೀಯವಲ್ಲ. ತಾಳೆಗರಿಯನ್ನೂ ಬಿದಿರಿನ ಸೀಳನ್ನೂ ಹೆಣೆದು ಮಾಡುತ್ತಿದ್ದ ಗೊರಬೆಯನ್ನು ತಲೆಯಿಂದ ಸೊಂಟದವರೆಗೆ ಕವುಚಿಕೊಂಡು ಅಜ್ಜಿಯರು ಇಡೀ ದಿನ ಬಾಗಿ ನೇಜಿ ನೆಡುತ್ತಿದ್ದುದನ್ನು ನೆನಪಿಟ್ಟವರು ಇನ್ನೂ ಇದ್ದಾರೆ. ಗೊರಬೆಯ ಗುಣ ಎರಡು: ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತವೆ, ಮೈಗೂ ಹೊದಿಕೆಗೂ ನಡುವೆ ಗಾಳಿ ಆಡುತ್ತದೆ. ಮಲೆನಾಡಿನ ಕಂಬಳಿ ಕೊಪ್ಪೆಯೂ ಅದೇ ಜಾತಿಯದು, ಕುರಿಯ ಉಣ್ಣೆಯಾದ್ದರಿಂದ ನೆನೆದರೂ ಬೆಚ್ಚಗೆ. ಕೊಡೆ ದುಡಿಯದವನ ಸಾಧನ, ಗೊರಬೆ ದುಡಿಯುವವನದು. ಸೈಕಲ್ ತುಳಿಯುವ ಮಗು ಈ ಎರಡನೆಯ ಪಂಗಡಕ್ಕೆ ಸೇರಿದ್ದು.

ಆಧುನಿಕ ಹೊದಿಕೆಯ ಕಥೆಗೆ ಇಲ್ಲಿನ ಗುಡ್ಡಗಳ ಬೆಳೆಯೇ ನಾಯಕ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಪದರ ಬಟ್ಟೆಯ ನಡುವೆ ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಹಚ್ಚಿ ನೀರು ದಾಟದ ಬಟ್ಟೆಗೆ ಪೇಟೆಂಟು ಪಡೆದ. ಬಿಸಿಲಿಗೆ ಅಂಟು, ಚಳಿಗೆ ಬಿರುಸು, ಎರಡೂ ಕಾಲಕ್ಕೆ ದುರ್ವಾಸನೆ ಎಂಬ ದೂರುಗಳ ನಡುವೆಯೂ ಅದು ಮಾರಾಟವಾಯಿತು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಮಾಡುವ ವಿದ್ಯೆಗೆ ಬ್ರಿಟನ್ನಿನಲ್ಲಿ ಥಾಮಸ್ ಹ್ಯಾನ್‌ಕಾಕ್ 1843ರಲ್ಲಿ, ಅಮೆರಿಕದಲ್ಲಿ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟು ಪಡೆದ ಮೇಲೆ ಆ ದೂರುಗಳು ತಗ್ಗಿದವು. ಮುಂದೆ 1885ರಲ್ಲಿ ಸ್ಟಾರ್ಲಿಯ ಸಮಚಕ್ರದ ಸೈಕಲ್ಲು, 1888ರಲ್ಲಿ ಡನ್ಲಪ್ಪನ ಗಾಳಿ ತುಂಬಿದ ಟಯರು ಬಂದವು. ಸೈಕಲ್ಲೇ ಬಡವರ ವಾಹನವಾಗಿದ್ದ ಕಾಲದ ಬ್ರಿಟನ್ನಿನಲ್ಲಿ ಕಾರ್ಖಾನೆಯ ಕೆಲಸಗಾರರು, ಅಂಚೆಯವರು, ಪೊಲೀಸರು ಹ್ಯಾಂಡಲಿನ ಮೇಲೆ ಗುಡಾರದಂತೆ ಹರಡಿಕೊಳ್ಳುವ ಈ ಹೊದಿಕೆಯಲ್ಲೇ ಮಳೆಗಾಲವನ್ನು ದಾಟಿದರು. ಕಾರುಗಳು ಹೆಚ್ಚಿದಂತೆ ಹೊದಿಕೆ ಮೂಲೆಗೆ ಸರಿಯಿತೇ ಹೊರತು ಅದರ ಗುಣ ಕೆಟ್ಟು ಅಲ್ಲ.

ಇದನ್ನು ಬಳಸುವ ಕ್ರಮ ಸರಳ. ಹೊದಿಕೆಯ ಮುಂದಿನ ಅಂಚು ಹ್ಯಾಂಡಲನ್ನು ದಾಟಿ ಒಂದು ಗೇಣಿನಷ್ಟು ಇಳಿಯಬೇಕು. ಆಗ ತೊಡೆ, ಮೊಣಕಾಲು ಎಲ್ಲವೂ ಸೂರಿನ ಕೆಳಗೆ ಬರುತ್ತವೆ; ಗಾಳಿ ಕೆಳಗಿನಿಂದ ಧಾರಾಳವಾಗಿ ಬರುತ್ತದೆ. ಒಳಗಡೆ ಮುಂದಿನ ಅಂಚಿಗೆ ಎರಡು ಕುಣಿಕೆಗಳನ್ನು ಹೊಲಿದಿದ್ದರೆ ಹೆಬ್ಬೆರಳನ್ನು ಅದರಲ್ಲಿ ತೂರಿ ಹೊದಿಕೆಯನ್ನು ಬಿಗಿಯಾಗಿ ಹಿಡಿಯಬಹುದು. ಕುಣಿಕೆ ಸಡಿಲವಾಗಿರಬೇಕು, ಬೆರಳು ತಟ್ಟನೆ ಹೊರಬರುವಂತಿರಬೇಕು. ಹೊದಿಕೆಯನ್ನು ಹ್ಯಾಂಡಲಿಗೇ ಗಂಟುಹಾಕುವುದು ಬೇಡ. ಬಿದ್ದಾಗ ಮಗು ಸೈಕಲ್ಲಿನಿಂದ ಬೇರ್ಪಡಬೇಕು, ಅದಕ್ಕೆ ಕಟ್ಟಿಹಾಕಿಕೊಳ್ಳಬಾರದು. ಹಿಂದುಗಡೆಯಲ್ಲಿ ಒಳಗಿನಿಂದ ಒಂದು ಲಾಡಿ ಹೊಲಿದು ಸೊಂಟಕ್ಕೆ ಸುತ್ತಿದರೆ ಬೆನ್ನಿನ ಭಾಗ ಗಾಳಿಗೆ ಹಾರಿ ತಲೆಯ ಮೇಲೆ ಬರುವುದಿಲ್ಲ. ಅಂಗಡಿಯ ಪೊಂಚೋಗಳಲ್ಲಿ ಬಹುತೇಕ ಈ ಕುಣಿಕೆಯೂ ಇಲ್ಲ, ಲಾಡಿಯೂ ಇಲ್ಲ. ಊರಿನ ಟೈಲರನಿಗೆ ಅರ್ಧ ಗಂಟೆಯ ಕೆಲಸ. ಹೊಲಿಗೆ ಹಾಕಿದೆಡೆ ಸೂಜಿಯ ತೂತಿನಿಂದ ನೀರು ಒಸರುತ್ತದಾದ್ದರಿಂದ ಅದರ ಮೇಲೆ ಅಂಟುಪಟ್ಟಿ ಹಚ್ಚಿಸುವುದನ್ನು ಮರೆಯಬಾರದು.

ಉದ್ದದ ವಿಷಯದಲ್ಲಿ ತಾಯಂದಿರ ಲೋಭ ಅರ್ಥವಾಗುವಂಥದ್ದು. ಮುಂದಿನ ವರ್ಷಕ್ಕೂ ಆಗಲೆಂದು ಒಂದು ಅಳತೆ ದೊಡ್ಡದನ್ನೇ ತರುತ್ತಾರೆ. ಸಮವಸ್ತ್ರಕ್ಕೆ ಈ ಲೆಕ್ಕ ಸಲ್ಲುತ್ತದೆ, ಮಳೆಹೊದಿಕೆಗೆ ಸಲ್ಲದು. ನಿಂತಾಗ ಮೊಣಕಾಲಿನಿಂದ ಬಹಳ ಕೆಳಗೆ ಇಳಿಯುವ ಹೊದಿಕೆ ತುಳಿಯುವಾಗ ಪೆಡಲಿಗೋ ಚೈನಿಗೋ ಹಿಂಚಕ್ರದ ಕಡ್ಡಿಗಳಿಗೋ ಸಿಕ್ಕಿಕೊಳ್ಳುತ್ತದೆ. ಬೈಕಿನ ಹಿಂದೆ ಕುಳಿತವರ ಸೆರಗು, ಶಾಲು ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ಬಲ್ಲ ಊರುಗಳಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಹೊದಿಕೆಗೆ ತನ್ನದೇ ದೋಷಗಳಿವೆ, ಅವನ್ನು ಮುಚ್ಚಿಟ್ಟು ಹೊಗಳುವುದು ನ್ಯಾಯವಲ್ಲ. ಎಲ್ಲಕ್ಕಿಂತ ದೊಡ್ಡದು ಗಾಳಿ. ಇಲ್ಲಿನ ಮಳೆ ಸುಮ್ಮನೆ ನೇರ ಬೀಳುವುದಲ್ಲ, ಪಡುಗಡಲಿನಿಂದ ಗಾಳಿಯನ್ನು ಕಟ್ಟಿಕೊಂಡೇ ಬರುತ್ತದೆ. ಎದುರುಗಾಳಿಗೆ ಹೊದಿಕೆ ಹಾಯಿಯಂತೆ ಉಬ್ಬಿ ಸವಾರಿಯನ್ನು ನಿಧಾನಗೊಳಿಸುತ್ತದೆ. ಅದು ಬರೀ ದಣಿವು. ಪಕ್ಕದ ಗಾಳಿ ಮಾತ್ರ ಅಪಾಯ. ಚಂದ್ರಗಿರಿ, ಮೊಗ್ರಾಲ್, ಶಿರಿಯಾ ಹೊಳೆಗಳ ಸೇತುವೆಗಳ ಮೇಲೆ, ಗದ್ದೆಬಯಲಿನ ನಡುವಿನ ರಸ್ತೆಗಳಲ್ಲಿ, ದೊಡ್ಡ ಲಾರಿಯೊಂದು ಪಕ್ಕದಲ್ಲೇ ದಾಟಿದಾಗ ಗಾಳಿಯ ಹೊಡೆತಕ್ಕೆ ಸೈಕಲ್ಲು ಒಂದು ಮಾರು ಸರಿಯಬಹುದು. ಅಂತಹ ಕಡೆ ಇಳಿದು ದೂಡಿಕೊಂಡು ದಾಟುವುದೇ ಕ್ರಮ. ಹವಾಮಾನ ಇಲಾಖೆ ದಿನವೊಂದಕ್ಕೆ 64.5 ಮಿಲಿಮೀಟರಿನಿಂದ ಮೇಲಿನದನ್ನು ಭಾರೀ ಮಳೆ, 115.6ರಿಂದ ಮೇಲಿನದನ್ನು ಅತಿ ಭಾರೀ, 204.4ನ್ನು ಮೀರಿದ್ದನ್ನು ಅತ್ಯಂತ ಭಾರೀ ಮಳೆ ಎಂದು ವಿಂಗಡಿಸುತ್ತದೆ. ಕಿತ್ತಳೆ, ಕೆಂಪು ಎಚ್ಚರಿಕೆಯ ದಿನಗಳಲ್ಲಿ ಜಿಲ್ಲಾಧಿಕಾರಿಯ ರಜೆಯ ಆದೇಶ ಬರಲಿ ಬಾರದಿರಲಿ, ಸೈಕಲ್ಲು ಮನೆಯ ಚಾವಡಿಯಲ್ಲೇ ಉಳಿಯಲಿ. ಒಂದು ದಿನದ ಪಾಠ ಹೋಯಿತೆಂದು ಯಾರೂ ಅನುತ್ತೀರ್ಣರಾದದ್ದಿಲ್ಲ.

ಇನ್ನೊಂದು ದೋಷ ಟೊಪ್ಪಿಯದು. ಮಗು ಹಿಂದೆ ಬರುವ ವಾಹನವನ್ನು ನೋಡಲು ಕತ್ತು ತಿರುಗಿಸಿದಾಗ ಟೊಪ್ಪಿ ತಿರುಗುವುದಿಲ್ಲ. ಕಣ್ಣಿಗೆ ಕಾಣುವುದು ಟೊಪ್ಪಿಯ ಒಳಮೈ. ಕಿವಿಯೂ ಅರ್ಧ ಮುಚ್ಚಿರುತ್ತದೆ. ಬಲಕ್ಕೆ ತಿರುಗುವ ಹೊತ್ತಿನಲ್ಲಿ ಇದರಷ್ಟು ಕೆಟ್ಟದ್ದು ಬೇರೊಂದಿಲ್ಲ. ಟೊಪ್ಪಿಯ ದಾರವನ್ನು ಗಲ್ಲದ ಕೆಳಗೆ ಕಟ್ಟಿ ಅದರ ಮೇಲೆ ಹೆಲ್ಮೆಟ್ಟು ಹಾಕಿದರೆ ಟೊಪ್ಪಿ ತಲೆಯೊಡನೆ ತಿರುಗುತ್ತದೆ. ಸೈಕಲ್ ಸವಾರನಿಗೆ ಹೆಲ್ಮೆಟ್ಟನ್ನು ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿಲ್ಲ, ಸೈಕಲ್ಲು ಆ ಕಾಯಿದೆಯ ಅರ್ಥದಲ್ಲಿ ಮೋಟಾರು ವಾಹನವೇ ಅಲ್ಲ. ಆದರೆ ತಲೆಗೆ ಕಾಯಿದೆಯ ಅರ್ಥವಿವರಣೆ ತಿಳಿಯದು. ಹೆಲ್ಮೆಟ್ಟು ಇಲ್ಲದವರು ಕನಿಷ್ಠ ಪಕ್ಷ ಮುಂಚುಂಚಿನ ಕ್ಯಾಪೊಂದನ್ನು ಟೊಪ್ಪಿಯೊಳಗೆ ಧರಿಸಿದರೆ ಟೊಪ್ಪಿ ಕಣ್ಣ ಮೇಲೆ ಜೋಲುವುದು ತಪ್ಪುತ್ತದೆ, ಹನಿಗಳೂ ಕಣ್ಣಿಗೆ ಬಡಿಯುವುದಿಲ್ಲ.

ಬಣ್ಣದ ಮಾತು ಇವೆಲ್ಲಕ್ಕಿಂತ ಹಿರಿದು. ಕೊಳೆ ಕಾಣದೆಂದು ಕಪ್ಪು ಅಥವಾ ಕಡುನೀಲಿಯ ಹೊದಿಕೆಯನ್ನು ಆರಿಸುವವರೇ ಹೆಚ್ಚು. ಆಟಿ ತಿಂಗಳ ಸಂಜೆ ನಾಲ್ಕೂವರೆಗೇ ಮುಸ್ಸಂಜೆಯ ಕತ್ತಲು ಕವಿದಿರುವಾಗ, ನೀರಿಳಿಯುವ ಗಾಜಿನ ಹಿಂದೆ ವೈಪರಿನ ಎರಡು ಬೀಸಿನ ನಡುವೆ ನೋಡುವ ಚಾಲಕನಿಗೆ ಒದ್ದೆ ಡಾಂಬರಿನ ಮೇಲಿನ ಕಪ್ಪು ಹೊದಿಕೆ ರಸ್ತೆಯದೇ ಒಂದು ತುಂಡು. ಹಳದಿ ಅಥವಾ ಕಿತ್ತಳೆ ಬಣ್ಣದ್ದಾದರೆ ಅದೇ ಮಗು ದೂರದಿಂದಲೇ ಕಾಣುತ್ತದೆ. ಬೆನ್ನಿಗೂ ಎರಡು ಬದಿಗೂ ಪ್ರತಿಫಲಕ ಪಟ್ಟಿ ಹಚ್ಚಿದರೆ ವಾಹನದ ದೀಪ ಬಿದ್ದೊಡನೆ ಹೊಳೆಯುತ್ತದೆ. ಸೈಕಲ್ಲುಗಳಿಗೆ ಅಳವಡಿಸುವ ಪ್ರತಿಫಲಕಗಳ ಗುಣಮಟ್ಟದ ಕುರಿತು ಕೇಂದ್ರ ಸರಕಾರ 2020ರಲ್ಲಿ ಆದೇಶವನ್ನೇ ಹೊರಡಿಸಿತು. ಆದರೆ ಹ್ಯಾಂಡಲಿಗೆ ಕಟ್ಟಿದ ದೀಪವನ್ನೂ ಪ್ರತಿಫಲಕವನ್ನೂ ಹೊದಿಕೆಯ ಮುಂಭಾಗ ಪೂರ್ತಿ ಮುಚ್ಚಿಬಿಡುತ್ತದೆ ಎಂಬುದನ್ನು ಗಮನಿಸಬೇಕು. ದೀಪವನ್ನು ಹ್ಯಾಂಡಲಿನಿಂದ ಕೆಳಗಿಳಿಸಿ ಮುಂಚಕ್ರದ ಕವಲಿಗೆ ಕಟ್ಟಿಸಬೇಕು. ಹಿಂದಿನ ಅಂಚು ಕ್ಯಾರಿಯರಿನ ಕೆಂಪು ಗಾಜನ್ನು ಮುಚ್ಚುತ್ತಿದೆಯೇ ಎಂದು ಮನೆಯವರು ಒಮ್ಮೆ ಹಿಂದೆ ನಿಂತು ನೋಡಬೇಕು.

ಬ್ರೇಕಿನ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಉಕ್ಕಿನ ರಿಮ್ಮು ನೆನೆದಾಗ ಬ್ರೇಕಿನ ರಬ್ಬರು ಮೊದಲ ಕ್ಷಣಗಳಲ್ಲಿ ನೀರನ್ನಷ್ಟೇ ಒರೆಸುತ್ತದೆ, ಹಿಡಿಯುವುದು ಆಮೇಲೆ. ಇಳಿಜಾರಿನ ನೆತ್ತಿಯಲ್ಲೇ ಎರಡು ಮೂರು ಬಾರಿ ಮೆಲ್ಲನೆ ಒತ್ತಿ ರಿಮ್ಮಿನ ನೀರನ್ನು ತೆಗೆದಿರಬೇಕು. ಹೊಸ ಹೊದಿಕೆ ಕೊಡಿಸುವ ದಿನವೇ ಸವೆದ ಬ್ರೇಕ್ ರಬ್ಬರನ್ನು ಬದಲಿಸುವುದಕ್ಕೆ ತಗಲುವ ಖರ್ಚು ಒಂದು ಹೊತ್ತಿನ ಚಹಾತಿಂಡಿಯದು.

ಚೀಲವನ್ನು ಎಲ್ಲಿಡುವುದು? ಬೆನ್ನಿಗೆ ಹಾಕಿಕೊಂಡು ಅದರ ಮೇಲೆ ಹೊದಿಕೆ ಹೊದ್ದರೆ ಗೂನು ಎದ್ದು ಹಿಂದಿನ ಅಂಚು ಮೇಲೇರುತ್ತದೆ, ಟೊಪ್ಪಿ ಹಿಂದಕ್ಕೆ ಜಗ್ಗುತ್ತದೆ, ಮುಂದಿನ ಭಾಗ ಹ್ಯಾಂಡಲನ್ನು ಮುಟ್ಟದು. ಚೀಲವನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಯಾರಿಯರಿಗೆ ರಬ್ಬರು ಹಗ್ಗದಿಂದ ಬಿಗಿಯುವುದು ಉತ್ತಮ. ಹೊದಿಕೆಯ ಹಿಂಭಾಗ ಅದರ ಮೇಲೆ ಎರಡನೆಯ ಸೂರಾಗುತ್ತದೆ. ಮಲಯಾಳ ಪಠ್ಯಪುಸ್ತಕವಾದರೆ ನೆರೆಮನೆಯಲ್ಲೇ ಇನ್ನೊಂದು ಪ್ರತಿ ಇರುತ್ತದೆ. ಕನ್ನಡದ ಪುಸ್ತಕ ನೆನೆದು ಹಾಳೆಗಳು ಅಂಟಿಕೊಂಡರೆ ಇನ್ನೊಂದು ಪ್ರತಿಗೆ ಎಷ್ಟು ಅಲೆಯಬೇಕೆಂಬುದು ಕನ್ನಡ ಮಾಧ್ಯಮದ ಮನೆಗಳಿಗೆ ಗೊತ್ತಿದೆ.

ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾದ ಮೇಲೆ ತಲಪಾಡಿಯಿಂದ ದಕ್ಷಿಣಕ್ಕೆ ಊರೂರುಗಳ ಮಕ್ಕಳು ಸರ್ವಿಸ್ ರಸ್ತೆಯನ್ನೇ ನೆಚ್ಚಬೇಕಾಗಿದೆ. ಆ ಕಿರಿದಾದ ದಾರಿಯಲ್ಲೇ ಬಸ್ಸು, ಆಟೋ, ನಿಂತ ಮಳೆನೀರು, ಎಲ್ಲವೂ. ಎಷ್ಟು ಎಚ್ಚರ ವಹಿಸಿದರೂ ಅಪಘಾತ ನಡೆಯದೆಂದು ಹೇಳಲಾಗದು. ಹಾಗಾಗಿ ಕಾನೂನಿನ ಕೆಲವು ಸಂಗತಿಗಳನ್ನು ಮನೆಯವರು ಮೊದಲೇ ತಿಳಿದಿರಬೇಕು.

ಮೋಟಾರು ವಾಹನ ಚಾಲನಾ ನಿಯಮಾವಳಿ 2017ರ ಪ್ರಕಾರ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರ ವಹಿಸುವುದು ವಾಹನ ಚಾಲಕನ ಕರ್ತವ್ಯ. ಮೋಟಾರು ವಾಹನ ಕಾಯಿದೆಯ 134ನೆಯ ಕಲಮಿನಂತೆ ಗಾಯಗೊಂಡವರಿಗೆ ವೈದ್ಯಕೀಯ ನೆರವು ದೊರಕಿಸುವುದೂ ಅವನ ಹೊಣೆ. ನೆರವಿಗೆ ಬಂದ ದಾರಿಹೋಕರಿಗೆ 134ಎ ಕಲಮು ರಕ್ಷಣೆ ನೀಡುತ್ತದೆ. ಆಸ್ಪತ್ರೆಗೆ ಸೇರಿಸಿದವರನ್ನು ತೊಡಕಿಗೆ ಸಿಲುಕಿಸುತ್ತಾರೆಂಬ ಹಳೆಯ ಅಂಜಿಕೆಗೆ ಈಗ ಕಾರಣವಿಲ್ಲ. ಮೋಟಾರು ವಾಹನದಿಂದ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ಕೇಳಬೇಕಾದವರು ಮನೆಯವರೇ.

ಪರಿಹಾರಕ್ಕೆ ಎರಡು ದಾರಿಗಳಿವೆ. 164ನೆಯ ಕಲಮಿನಡಿ ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಮರಣಕ್ಕೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೇಳಬಹುದು. 166ನೆಯ ಕಲಮಿನಡಿ ತಪ್ಪನ್ನು ತೋರಿಸಿ ಆದ ನಷ್ಟಕ್ಕೆ ತಕ್ಕ ಪರಿಹಾರವನ್ನು ಕೇಳಬಹುದು. ಗುದ್ದಿದ ವಾಹನ ನಿಲ್ಲದೆ ಹೋಗಿ ಪತ್ತೆಯಾಗದಿದ್ದರೂ 161ನೆಯ ಕಲಮಿನಂತೆ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ನಿಗದಿಯಾಗಿದೆ. 2019ರ ತಿದ್ದುಪಡಿಯು 166ನೆಯ ಕಲಮಿನ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಹಾಕಿದೆ. ಆ ಗಡುವಿನ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ ಎಂಬುದು ನಿಜ; ಹಾಗೆಂದು ಅದರ ಮೇಲೆ ಭಾರ ಹಾಕಿ ಕುಳಿತುಕೊಳ್ಳುವುದು ಜಾಣತನವಲ್ಲ.

166ನೆಯ ಕಲಮಿನ ಮೊಕದ್ದಮೆಗಳಲ್ಲಿ ವಿಮಾ ಕಂಪನಿಯ ಕಡೆಯಿಂದ ಬರುವ ವಾದ ಹೆಚ್ಚು ಕಡಿಮೆ ಒಂದೇ ಜಾಡಿನದು. ಸವಾರನೂ ತಪ್ಪಿನಲ್ಲಿ ಪಾಲುದಾರ, ಒಂದು ಕೈಯಲ್ಲಿ ಕೊಡೆಯಿತ್ತು, ದೀಪವಿರಲಿಲ್ಲ, ಕಪ್ಪು ಬಟ್ಟೆ ತೊಟ್ಟಿದ್ದ. ಈ ವಾದ ನಿಂತರೆ ಪರಿಹಾರದ ಮೊತ್ತದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ. ಮಕ್ಕಳ ಎಚ್ಚರವನ್ನು ದೊಡ್ಡವರ ಅಳತೆಗೋಲಿನಿಂದ ಅಳೆಯಬಾರದು, ಅವರ ವಯಸ್ಸಿಗೆ ತಕ್ಕಂತೆ ನೋಡಬೇಕು ಎಂಬುದು ನ್ಯಾಯಶಾಸ್ತ್ರ ಒಪ್ಪಿದ ತತ್ತ್ವವೇ. ಆದರೂ ಸ್ಥಳ ಮಹಜರಿನಲ್ಲಿ "ಹಳದಿ ಮಳೆಹೊದಿಕೆ, ಪ್ರತಿಫಲಕ ಪಟ್ಟಿ ಇತ್ತು" ಎಂಬ ಒಂದು ಸಾಲು ಇದ್ದರೆ ಆ ವಾದದ ಅರ್ಧ ಬಲ ಅಲ್ಲಿಗೇ ಹೋಗುತ್ತದೆ. ಹರಿದ ಹೊದಿಕೆಯನ್ನು ತೊಳೆದು ಬಿಸಾಡದೆ ಹಾಗೆಯೇ ತೆಗೆದಿರಿಸುವುದು ಒಳಿತು.

ಆ ಸಾಲು ಯಾವ ಭಾಷೆಯಲ್ಲಿದೆ ಎಂಬುದೂ ಮುಖ್ಯ. ಠಾಣೆಯಲ್ಲಿ ಹೇಳಿಕೆ ಮಲಯಾಳದಲ್ಲಿ ಬರೆಯಲ್ಪಡುತ್ತದೆ. ಓದಲು ಬಾರದ ಹಿರಿಯರು ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಮಾಹಿತಿ ನೀಡಿದವರಿಗೆ ಬರೆದುದನ್ನು ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಓದಿದ್ದನ್ನು ಕನ್ನಡದಲ್ಲಿ ಹೇಳಿಸಿಕೊಂಡ ಮೇಲಷ್ಟೇ ಸಹಿ ಹಾಕುವುದು ಸರಿಯಾದ ಕ್ರಮ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಬಳಸದೆ ಬಿಟ್ಟ ಹಕ್ಕು ಗದ್ದೆಯಂಚಿನ ಕಾಲುದಾರಿಯಂತೆ ಹುಲ್ಲು ಮುಚ್ಚಿಹೋಗುತ್ತದೆ.

ಇನ್ನು ಶಾಲೆಯವರು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಡ. ಒದ್ದೆ ಹೊದಿಕೆಯನ್ನು ಮಕ್ಕಳು ಎಲ್ಲಿಡಬೇಕು? ಬೆಂಚಿನ ಕೆಳಗೆ ತುರುಕಿದರೆ ತರಗತಿಯೆಲ್ಲ ನೀರು, ಸಂಜೆಗೆ ಕಮಟು ವಾಸನೆ. ಮರುದಿನದಿಂದ ಹುಡುಗರು ಹೊದಿಕೆಯನ್ನೇ ತರುವುದಿಲ್ಲ. ರಕ್ಷಕ ಶಿಕ್ಷಕ ಸಂಘದ ಜೂನ್ ತಿಂಗಳ ಸಭೆಯಲ್ಲಿ ಜಗಲಿಯ ಮಾಡಿನ ಕೆಳಗೆ ಉದ್ದಕ್ಕೂ ಒಂದು ನೈಲಾನ್ ಹಗ್ಗ, ತರಗತಿಗೊಂದರಂತೆ ಮೊಳೆಗಳ ಸಾಲು ಎಂದು ಬರೆದುಕೊಂಡರೆ ಆ ತೊಡಕು ತೀರಿತು. ಎಲ್ಲರದೂ ಹಳದಿಯೇ ಆದಾಗ ಯಾರದ್ದು ಯಾವುದೆಂದು ಜಗಳ ಹುಟ್ಟುವುದು ಖಂಡಿತ. ಒಳ ಅಂಚಿನಲ್ಲಿ ಹೆಸರು, ತರಗತಿ, ಮನೆಯ ಫೋನ್ ಸಂಖ್ಯೆಯನ್ನು ಅಳಿಸದ ಶಾಯಿಯಲ್ಲಿ ಬರೆದಿರಬೇಕು. ಹೊರಗೆ ಕಾಣುವಂತೆ ಹೆಸರು ಬರೆಯುವುದು ಬೇಡ, ದಾರಿಯಲ್ಲಿ ಅಪರಿಚಿತರು ಮಗುವನ್ನು ಹೆಸರು ಹಿಡಿದು ಕರೆಯುವಂತಾಗಬಾರದು.

ಮನೆಯಲ್ಲಿ ಅದನ್ನು ಒಣಗಿಸುವುದೂ ಒಂದು ಕಲೆ. ಮಳೆಗಾಲದಲ್ಲಿ ಬಟ್ಟೆಯನ್ನೆಲ್ಲ ಬಚ್ಚಲೊಲೆಯ ಮೇಲಿನ ಬಿದಿರಿಗೆ ಹರಡುವ ಅಭ್ಯಾಸ ಇಲ್ಲಿನ ಮನೆಗಳದು. ಪ್ಲಾಸ್ಟಿಕ್ ಲೇಪದ ಹೊದಿಕೆಗೆ ಆ ಶಾಖ ಆಗದು, ಲೇಪ ಸೊಟ್ಟಗಾಗಿ ಬಿರಿಯುತ್ತದೆ. ಕೊಡವಿ, ಒಳಮೈಯನ್ನು ಹಳೆಯ ಬೈರಾಸಿನಿಂದ ಒರೆಸಿ, ಗಾಳಿ ಆಡುವ ಜಗಲಿಯಲ್ಲಿ ಅಡಿಕೆ ಸಲಾಕೆಗೆ ನೇತುಹಾಕಿದರೆ ಬೆಳಗ್ಗೆ ಎಂಟರ ಹೊತ್ತಿಗೆ ಸಿದ್ಧ. ಮಡಚಿ ಚೀಲದ ತಳದಲ್ಲಿ ಮರೆತರೆ ನಾಲ್ಕೇ ದಿನದಲ್ಲಿ ಬೂಸಲು. ಓಣಂ ರಜೆಗೆ ಮೊದಲ ಬಿಸಿಲು ಬಂದ ದಿನ ಸಾಬೂನಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸಿ, ಮಡಚದೆ ಸುರುಳಿ ಸುತ್ತಿ ಇಟ್ಟರೆ ಮುಂದಿನ ಮೃಗಶಿರಕ್ಕೂ ಅದು ಬರುತ್ತದೆ. ಅಷ್ಟರಲ್ಲಿ ಮಗು ಉದ್ದವಾಗಿದ್ದರೆ ತಂಗಿಗೋ ತಮ್ಮನಿಗೋ ಅದು ಸಲ್ಲುತ್ತದೆ, ಲಾಡಿಯನ್ನು ಎರಡು ಬೆರಳು ಮೇಲೆ ಹೊಲಿಸಿದರಾಯಿತು.